ತಾಯಿ ತೆಗೆದುಕೊಂಡ ವೀಳ್ಯ

"ಅಣ್ಣು ಮಾವನ ವೀಳ್ಯ ಮುಟ್ಟಿದರೆ ಮುಗೀತು ಮಾರಾಯ, ಜ್ವರ ಉಂಟು ಅಂದರೂ ಬಿಡ್ಲಿಕ್ಕಿಲ್ಲ" ಎಂದು ಕಾಪು ಕಡಲತಡಿಯ ನೆರೆಯವರು ನಗಾಡುತ್ತಿದ್ದರು. ಅಣ್ಣು ಹತ್ತಾರು ಮಂದಿ ಸೇರಿ ದಡಕ್ಕೆಳೆಯುವ ರಂಪಣಿ ಬಲೆಯ ಮುಖ್ಯಸ್ಥ. ಮೀನುಗಾರಿಕೆ ಶುರುವಾಗುವ ಮೊದಲು ಮನೆಮನೆಗೆ ವೀಳ್ಯ ಕೊಡುತ್ತಿದ್ದ. ತೆಗೆದುಕೊಂಡವನು ಕರೆದಾಗ ಬರಬೇಕು, ಬಾರದಿದ್ದರೆ ಎಳೆದು ತರಬಹುದು. ಇದಕ್ಕೆ ಎಲ್ಲರ ಒಪ್ಪಿಗೆಯಿತ್ತು.

ಸಾವಿರದ ಒಂಬೈನೂರ ಐವತ್ತಾರರಲ್ಲಿ, ವೀಳ್ಯ ಪಡೆದ ಮನೆಯೊಂದರ ಹುಡುಗ ಕರುಣಾಕರ ಕರೆದಾಗ ಬರಲಿಲ್ಲ. ಅಣ್ಣು ಅವನ ರಟ್ಟೆ ಹಿಡಿದು ಹೊರಗೆಳೆದ.

"ವೀಳ್ಯ ತೆಗೊಂಡದ್ದು ಅಮ್ಮ! ನಾನು ಕಾರ್ಕಳದಲ್ಲಿದ್ದೆ, ಅಲ್ವಾ?"

"ಮನೆಗೆ ಕೊಟ್ಟದ್ದು ನಿನಗೂ ಕೊಟ್ಟ ಹಾಗೆಯೇ. ನಡಿ!"

ಅಂದು ಬಲೆಯ ಹಗ್ಗ ಸುತ್ತಿಕೊಂಡು ಕರುಣಾಕರನ ಬಲಗೈಯ ಮೂರು ಬೆರಳು ಹೋದವು. ಊರಲ್ಲಿ ಯಾರೂ ಅಣ್ಣುವನ್ನು ದೂರಲಿಲ್ಲ. ಮಾತಿಗೆ ತಕ್ಕಂತೆ ನಡೆದನೆಂದರು. ಆದರೆ ಕರುಣಾಕರ ತನ್ನ ಬಾಯಿಂದ ಹೂಂ ಅಂದಿರಲಿಲ್ಲ ಎಂಬುದು ಅಣ್ಣುವಿನ ಎದೆಯಲ್ಲೇ ಕೂತಿತು. ಮತ್ತೆಂದೂ ಅವನು ವೀಳ್ಯ ಹಂಚಲಿಲ್ಲ.

ಹನ್ನೆರಡು ವರ್ಷ ಕಳೆದು, ಕಾಲು ಸೋತ ಅಣ್ಣು ಇನ್ನು ಮರಳದಂತೆ ಊರು ಬಿಟ್ಟು ಉಡುಪಿಯ ಮಗಳ ಮನೆಗೆ ಹೊರಟ ದಿನ, ಮೆಟ್ಟಿಲಿಳಿಸಲು ಕರುಣಾಕರನೇ ಬಂದು ಆ ಬಲಗೈ ಚಾಚಿದ.

"ಹಿಡಿಯಲಾ?" ಎಂದ ಅಣ್ಣು.

"ಈಗ ಕೇಳ್ತೀರಾ, ಮಾವ?"

"ಆವತ್ತು ಕೇಳಬೇಕಿತ್ತು."

"ಹೌದು, ಕೇಳಬೇಕಿತ್ತು" ಎಂದ ಕರುಣಾಕರ. ಕೈಯನ್ನು ಇನ್ನಷ್ಟು ಮುಂದೆ ನೀಡಿ, "ಹಿಡಿಯಿರಿ" ಎಂದ.

ಎರಡೇ ಬೆರಳಿನ ಆ ಕೈ ಹಿಡಿದು ಅಣ್ಣು ಅಂಗಳಕ್ಕಿಳಿದ.