ನರ್ಸಕ್ಕನ ಸೈಕಲ್

"ಈ ವೆಲ್ಡಿಂಗ್ ನಾನೇ ಮಾಡಿದ್ದು ಮಾರಾಯ್ರೆ!" ಪುತ್ತೂರಿನ ಹಿರಿಯ ಸೈಕಲ್ ಮೆಕ್ಯಾನಿಕ್ ಮೋನಾಕ ಕೂಗಿದರು.

ಸುಳ್ಯದ ಗುಜರಿಯಲ್ಲಿ ನನಗೆ ಸಿಕ್ಕಿದ್ದ ಹಳೆಯ ಸ್ಟೀಲ್ ಫ್ರೇಮಿನಲ್ಲಿ ಹೆಸರು, ನಂಬರು ಯಾವುದೂ ಇರಲಿಲ್ಲ. ಯಾವ ಕಂಪನಿಯದೆಂದು ಕೇಳಲು ಅವರಲ್ಲಿಗೆ ಒಯ್ದಿದ್ದೆ. ಅವರು ತುಕ್ಕು ಉಜ್ಜಿದಾಗ ಪೆಡಲ್ ಕೂರುವ ಜಾಗದ ಮೇಲ್ಗಡೆ ಹಿತ್ತಾಳೆಯ ಬೆಸುಗೆ ಕಂಡಿತ್ತು.

"ಕಂಪನಿ ಎಂತದೋ ಗೊತ್ತಿಲ್ಲ. ಇದು ಬೆಟ್ಟಂಪಾಡಿಯ ನರ್ಸಕ್ಕನ ಸೈಕಲ್. ಹೆರಿಗೆ ಮಾಡಿಸ್ಲಿಕ್ಕೆ ಹೋಗುವಾಗ ತುಂಡಾಗಿತ್ತು. ಅವರು ಈಗಲೂ ಅಲ್ಲೇ ಇದ್ದಾರೆ!"

ಇಬ್ಬರೂ ಸೇರಿ ಕಪ್ಪು ಬಣ್ಣ ಬಳಿದು, ಚಕ್ರ, ಬ್ರೇಕ್ ಜೋಡಿಸಿದೆವು. ನಾನು ಅದನ್ನು ಬೆಟ್ಟಂಪಾಡಿಯ ಅವರ ಮನೆಗೆ ಒಯ್ದಾಗ ಎಪ್ಪತ್ತು ದಾಟಿದ ನರ್ಸಕ್ಕ ಹ್ಯಾಂಡಲ್ ಸವರಿ, ಸೆರಗು ಸಿಕ್ಕಿಸಿ, ಅಂಗಳದಲ್ಲಿ ಒಂದು ಸುತ್ತು ಹೊಡೆದೇಬಿಟ್ಟರು!

ತೋರಿಸಿ ಬರಲೆಂದು ಹೋದವನು ಸೈಕಲ್ಲನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮರಳಿದೆ. ಅಷ್ಟು ಖುಷಿಯಿಂದ ನಾನು ಯಾವ ವಸ್ತುವನ್ನೂ ಬಿಟ್ಟುಕೊಟ್ಟಿಲ್ಲ.