ಅತ್ತೆ ಎತ್ತಿದ ಬಟ್ಟಲು

ಆ ಬಟ್ಟಲಿಗೂ ಅತ್ತೆಯ ತುಟಿಗೂ ನಡುವೆ ಎರಡು ಬೆರಳಿನಷ್ಟು ಜಾಗವಿತ್ತು. ನೆನಪಿನಲ್ಲಿ ಎಷ್ಟೋ ಸಲ ಅಳೆದಿದ್ದೇನೆ. ಗೋಕಾಕದ ನನ್ನ ಕೋಣೆಯಲ್ಲಿ ಚಹಾದ ಲೋಟ ಎತ್ತುವಾಗ, ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಬೀಕರನ್ನು ಬೆಳಕಿಗೆ ಹಿಡಿಯುವಾಗ, ಕೈ ತಾನಾಗಿ ಅರ್ಧದಲ್ಲಿ ನಿಲ್ಲುತ್ತದೆ. ಕೆಲವು ದಿನ ಆ ಅಂತರ ಒಂದೇ ಬೆರಳಿಗೆ ಇಳಿಯುತ್ತದೆ. ಕೆಲವು ದಿನ ನಾನು ಹಿಂತಿರುಗಿ ನೋಡುವುದೇ ಇಲ್ಲ. ಅತ್ತೆ ಕುಡಿದುಬಿಡುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಾನು ಹುಟ್ಟಿದ್ದು ಮೂಡಲಗಿಯಲ್ಲಿ, ಬೆಳೆದದ್ದು ಹುಕ್ಕೇರಿಯ ಅವಳ ಮನೆಯಲ್ಲಿ. ಅಪ್ಪನಿಗೆ ನಾವು ನಾಲ್ಕು ಮಕ್ಕಳು, ಅವಳಿಗೆ ಒಂದೂ ಇರಲಿಲ್ಲ. ನನ್ನನ್ನು ಎಂಟನೆಯ ಇಯತ್ತೆಗೆ ಸೇರಿಸುವ ವರ್ಷ ಅವಳು ಮೂಡಲಗಿಗೆ ಬಂದು, "ಒಂದನ್ನ ನನ್ನ ಕೂಡ ಕಳಸು, ಸಾಲಿ ಕಲಸ್ತೇನಿ" ಎಂದು ನನ್ನ ಕೈ ಹಿಡಿದುಕೊಂಡು ಹೋದಳು. ಮಾವನದು ಮನೆಗೆ ಅಂಟಿಕೊಂಡೇ ಇದ್ದ ಕಿರಾಣಿ ಅಂಗಡಿ. ಅವನು ಅಂಗಡಿಯಲ್ಲಿರುತ್ತಿದ್ದ, ನಾವಿಬ್ಬರೂ ಒಲೆಯ ಮುಂದೆ ಕೂತು ಊಟ ಮಾಡುತ್ತಿದ್ದೆವು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ತನ್ನ ರೊಟ್ಟಿಯ ಮೆತ್ತನೆಯ ನಡುಭಾಗ ಮುರಿದು ನನ್ನ ತಾಟಿಗೆ ಸರಿಸಿ, ಗಟ್ಟಿ ಅಂಚನ್ನು ತಾನು ಇಟ್ಟುಕೊಳ್ಳುತ್ತಿದ್ದಳು.

ಊಟದ ಕೊನೆಗೆ ಅವಳದೊಂದು ಕೆಲಸವಿತ್ತು. ತಾಟನ್ನು ಬೆರಳಿನಿಂದ ಬಳಿದು, ಒಂದು ಗುಟುಕು ನೀರು ಹಾಕಿ, ಅಂಚಿನ ಸುತ್ತ ಬೆರಳಾಡಿಸಿ ತೊಳೆದು, ಆ ನೀರನ್ನು ಎತ್ತಿ ಕುಡಿಯುವುದು. ಉಣ್ಣುವುದೆಲ್ಲ ಪ್ರಸಾದ. ಪ್ರಸಾದದ ಒಂದು ಅಗುಳೂ ಬಚ್ಚಲಿಗೆ ಹೋಗಬಾರದು. ನಾನೂ ಹಾಗೇ ಮಾಡುತ್ತಿದ್ದೆ. ಬಿಎಸ್ಸಿ ಓದಲು ಧಾರವಾಡದ ಹಾಸ್ಟೆಲಿಗೆ ಹೋದ ಮೊದಲ ವಾರ ಎದುರಿಗೆ ಕೂತ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಂದಿನಿಂದ ಬಿಟ್ಟೆ. ಬಿಟ್ಟಿದ್ದೇನೆಂದು ಅತ್ತೆಗೆ ಹೇಳಲಿಲ್ಲ. ಹುಕ್ಕೇರಿಗೆ ಬಂದಾಗ ಮಾತ್ರ ತೊಳೆದು ಕುಡಿಯುತ್ತಿದ್ದೆ.

ಅತ್ತೆಗೆ ಟೀವಿಯ ಅಡುಗೆ ಕಾರ್ಯಕ್ರಮಗಳ ಹುಚ್ಚು. ಅದರಲ್ಲೂ ಒಬ್ಬ ಗಡ್ಡದ ಬಾಣಸಿಗನೆಂದರೆ ಅವಳಿಗೆ ಬಲು ಅಭಿಮಾನ. ದೊಡ್ಡ ಊರುಗಳಲ್ಲಿ ಅವನ ಹೋಟೆಲುಗಳಿವೆ. ಅವನ ಹಿಂದಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಕೈಗಳು ಪೂರ್ತಿ ತಿಳಿಯುತ್ತಿದ್ದವು. "ನೋಡು, ಉಳ್ಳಾಗಡ್ಡಿ ಹೆಂಗ ಹೆಚ್ಚತಾನ, ಹೆಣಮಕ್ಕಳು ನಾಚಬೇಕು," ಅನ್ನುತ್ತಿದ್ದಳು. ಒಮ್ಮೆ ಮಾತ್ರ ನಿಟ್ಟುಸಿರು ಬಿಟ್ಟು, "ಕಣ್ಣಿಲೆ ಉಂಡುಂಡು ಸಾಕಾತವ್ವಾ. ನಾಲಿಗಿಗೆ ಒಂದ್ಸಲ ಹತ್ತಿದ್ರ ಛಲೋ ಇತ್ತು" ಎಂದಿದ್ದಳು.

ಹೋದ ಚಳಿಗಾಲದಲ್ಲಿ ಸಂಕೇಶ್ವರದ ಹತ್ತಿರ, ಹೈವೇ ಪಕ್ಕದ ರೆಸಾರ್ಟಿನ ಮೈದಾನದಲ್ಲಿ ಎರಡು ದಿನದ ಆಹಾರ ಉತ್ಸವ ನಡೆಯಿತು. ಟೀವಿಯಲ್ಲಿ ಹೆಸರು ಮಾಡಿದ ಬಾಣಸಿಗರ ಹೋಟೆಲುಗಳು ಮುಂಬೈ, ಪುಣೆ, ಬೆಂಗಳೂರಿನಿಂದ ಬಂದು ಮಳಿಗೆ ಹಾಕುತ್ತವೆ, ಚಿಕ್ಕ ಚಿಕ್ಕ ಪಾಲಿನಲ್ಲಿ ಎಲ್ಲವನ್ನೂ ರುಚಿ ನೋಡಬಹುದು ಎಂದು ಜಾಹೀರಾತಿತ್ತು. ಪಟ್ಟಿಯಲ್ಲಿ ಗಡ್ಡದವನ ಹೋಟೆಲೂ ಇತ್ತು. ಕಾರ್ಖಾನೆಯಲ್ಲಿ ನನಗೆ ಎರಡು ಪಾಸು ಸಿಕ್ಕವು. ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮನೆಯ ನೀರಿನ ಬಾಟಲಿ ಹಿಡಿದು ಬಂದಳು.

ಶಾಕಾಹಾರದ ಮಳಿಗೆಗಳದೇ ಒಂದು ಸಾಲಿತ್ತು. ಮೊದಲನೆಯದರಲ್ಲಿ ಕಪ್ಪು ಕಲ್ಲಿನ ಹಲಗೆಯ ಮೇಲೆ ಹೆಬ್ಬೆರಳಿನಗಲದ ಜೋಳದ ರೊಟ್ಟಿಯ ಚೂರು, ಅದರ ಮೇಲೆ ಬೆಣ್ಣೆಹಣ್ಣಿನ ಹಸಿರು ಲೇಪ, ಅದರ ಮೇಲೆ ಶೇಂಗಾ ಚಟ್ನಿಯ ನೊರೆ. ಅತ್ತೆ ಹಲಗೆಯನ್ನು ತುಸು ಎತ್ತಿ ಕೆಳಗೂ ನೋಡಿದಳು.

"ಉಳದದ್ದು ಎಲ್ಲೈತಿ?"

"ಇಷ್ಟ ಅತ್ತಿ. ರುಚಿ ನೋಡಾಕ ಕೊಟ್ಟಾರ."

"ರುಚಿ ನೋಡಾಕೋ, ವಾಸನಿ ನೋಡಾಕೋ? ಇಷ್ಟ ರೊಟ್ಟಿ ನಮ್ಮ ಮನ್ಯಾಗ ಇರುವಿಗೆ ಹಾಕತೇವಿ."

ಆದರೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ನೊರಿಯೊಳಗ ಬಳ್ಳೊಳ್ಳಿ ಸುಟ್ಟು ಹಾಕ್ಯಾನ. ಶಾಣ್ಯಾ ಅದಾನ," ಎಂದಳು. ಆಮೇಲೆ ಕಲ್ಲಿನ ಮೇಲೆ ಒಂದು ಹನಿ ನೊರೆಯೂ ಉಳಿಯದಂತೆ ಬೆರಳಿನಿಂದ ಬಳಿಯತೊಡಗಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ, "ಏನವಾ, ಕಲ್ಲೂ ತಿಂತೀಯೇನ?" ಎಂದು ಕೆಣಕಿದ.

"ಹಲ್ಲಿದ್ರ ತಿಂತಿದ್ನೋ ಯಪ್ಪಾ. ನಿನಗ ಅದಾವಲ್ಲ, ನೀ ತಿನ್ನು."

ಸಾಲಿನ ಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಎರಡನೆಯ ಮಳಿಗೆಯಲ್ಲಿ ಹಲಸಿನಕಾಯಿಯನ್ನು ಥೇಟ್ ಮಾಂಸದ ಹಾಗೆ ಎಳೆ ಎಳೆಯಾಗಿ ಬೇಯಿಸಿ ಕಡ್ಡಿಗೆ ಚುಚ್ಚಿ ಕೊಟ್ಟರು. ಅತ್ತೆ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರೂ ಬಾಯಿಗಿಡಲಿಲ್ಲ. "ಹಲಸಿನಕಾಯಿ ಖರೆ. ಆದ್ರ ಅದಕ್ಕ ಕುರಿ ವೇಷ ಯಾಕ ಹಾಕ್ಯಾರ?" ಎಂದು ನನ್ನ ಕೈಗೆ ಕೊಟ್ಟಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆ ಅರ್ಧ ತಾಸನ್ನು ನಾನು ಬೇರೆಯಾಗಿ ತೆಗೆದಿಟ್ಟುಕೊಂಡಿದ್ದೇನೆ.

ಮೂರನೆಯದು ಗಡ್ಡದವನ ಮಳಿಗೆ. ಅವನು ಬಂದಿರಲಿಲ್ಲ. ಆಳೆತ್ತರದ ಅವನ ಚಿತ್ರವನ್ನು ಹಲಗೆಗೆ ಅಂಟಿಸಿ ನಿಲ್ಲಿಸಿದ್ದರು. ಅತ್ತೆ ಅದರ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. "ಟೀವಿಯೊಳಗ ಇಷ್ಟ ದಪ್ಪ ಕಾಣೂದಿಲ್ಲ ಅಂವ," ಎಂದು ಪಿಸುಗುಟ್ಟಿದಳು.

ಅಲ್ಲಿಯ ತಿನಿಸು ಮಜ್ಜಿಗೆಯ ಮುತ್ತು. ಒಗ್ಗರಣೆಯ ಮಜ್ಜಿಗೆಯನ್ನು ಹನಿ ಹನಿಯಾಗಿ ಹೆಪ್ಪುಗಟ್ಟಿಸಿ ಮುತ್ತಿನಂತೆ ಮಾಡಿ ಸಣ್ಣ ಸ್ಟೀಲ್ ವಾಟಗದಲ್ಲಿ ಕೊಡುತ್ತಿದ್ದರು. ಆ ವಾಟಗವನ್ನು ದಪ್ಪ ಮರದ ಬಟ್ಟಲಿನ ನಡುವೆ ಇಟ್ಟು, ಕಪ್ಪು ಏಪ್ರನ್ ತೊಟ್ಟ ಹುಡುಗಿ ಉದ್ದನೆಯ ಫ್ಲಾಸ್ಕಿನಿಂದ ನೀರಿನಂಥದೇನನ್ನೋ ಬಟ್ಟಲಿಗೆ ಸುರಿದಳು. ಬಿಳಿ ಹೊಗೆ ಭುಸ್ಸೆಂದು ಎದ್ದು ಮೇಜಿನ ಅಂಚಿನಿಂದ ಕೆಳಗೆ ಇಳಿಯಿತು. ಅತ್ತೆ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಹುಡುಗಿ ನನ್ನ ಕಡೆ ತಿರುಗಿ ಬಿರುಸಿನ ಹಿಂದಿಯಲ್ಲಿ, ಒಳಗಿನ ವಾಟಗದಿಂದಷ್ಟೇ ತಿನ್ನಿ, ಹೊರಗಿನ ಬಟ್ಟಲು ಮುಟ್ಟಬೇಡಿ ಎಂದಳು. ನಾನು ತಲೆಯಾಡಿಸಿದೆ. ಅತ್ತೆಗೆ ಹೇಳಲಿಲ್ಲ.

ಅದು ದ್ರವ ನೈಟ್ರೋಜನ್ ಎಂದು ನನಗೆ ಗೊತ್ತಿತ್ತು. ಧಾರವಾಡದಲ್ಲಿ ನಮ್ಮ ಮೇಷ್ಟ್ರೊಬ್ಬರು ಸೌತೆಕಾಯಿಯನ್ನು ಅದರಲ್ಲಿ ಅದ್ದಿ ತೆಗೆದು ಮೇಜಿಗೆ ಬಡಿದಿದ್ದರು. ಗಾಜಿನಂತೆ ಚೂರಾಗಿತ್ತು. ಹೊಟ್ಟೆಗೆ ಹೋದರೆ ಕ್ಷಣದಲ್ಲಿ ಗಾಳಿಯಾಗಿ ಉಬ್ಬಿ ಒಳಗೇ ಹರಿದುಹಾಕುತ್ತದೆ ಎಂದು ಹೇಳಿದ್ದರು. ಅದೆಲ್ಲ ನೆನಪಿತ್ತು. ಅತ್ತೆ ತಿಂದು ಮುಗಿಸುವುದರೊಳಗೆ ಆರಿಹೋಗುತ್ತದೆ ಬಿಡು ಅಂದುಕೊಂಡೆ.

ಅಷ್ಟರಲ್ಲಿ ನಮ್ಮ ಲ್ಯಾಬಿನ ಸಾಹೇಬರು ಮತ್ತು ಅವರ ಹೆಂಡತಿ ನಮ್ಮ ಕಡೆಗೇ ಬರುವುದು ಕಂಡಿತು. ಬೆನ್ನ ಹಿಂದೆ ಅತ್ತೆಯ ನೀರಿನ ಬಾಟಲಿಯ ಮುಚ್ಚಳ ತಿರುಗಿದ ಸದ್ದಾಯಿತು. ಮುಂದಿನದು ನನಗೆ ಗೊತ್ತು: ವಾಟಗಕ್ಕೆ ನೀರು ಹಾಕುತ್ತಾಳೆ, ಬೆರಳಾಡಿಸುತ್ತಾಳೆ, ಎತ್ತಿ ಕುಡಿಯುತ್ತಾಳೆ. ನಾನು ಎರಡು ಹೆಜ್ಜೆ ಮುಂದೆ ಬಂದು, ಅವಳು ಕಾಣದಂತೆ ಅಡ್ಡ ನಿಂತೆ.

"ಒಬ್ಬರ ಬಂದೀರೇನ್ರಿ?" ಸಾಹೇಬರ ಹೆಂಡತಿ ಕೇಳಿದರು.

"ಇಲ್ರಿ, ಯಾರೋ ಊರ ಕಡಿಯಾವ್ರು ಬಂದಾರ," ಎಂದೆ.

ಅವರು ನನ್ನ ಭುಜದಾಚೆ ಇಣುಕಿ ನಕ್ಕರು. "ಅಯ್ಯ, ಅವರು ಹೊಗಿ ಕುಡ್ಯಾಕತ್ತಾರಲ್ರಿ!"

ತಿರುಗಿದೆ. ತೊಳೆದು ಕುಡಿದ ಸ್ಟೀಲ್ ವಾಟಗ ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು. ಹೊರಗಿನ ಮರದ ಬಟ್ಟಲಿನ ತಳದಲ್ಲಿ ಇನ್ನೂ 'ನೀರು' ಇತ್ತಲ್ಲ, ಅದನ್ನೂ ಚೆಲ್ಲಬಾರದೆಂದು ಅತ್ತೆ ಎರಡೂ ಕೈಯಲ್ಲಿ ಎತ್ತಿದ್ದಳು. ಹೊಗೆ ಅವಳ ಗದ್ದದ ಮೇಲಿಂದ ಸೆರಗಿಗೆ ಇಳಿಯುತ್ತಿತ್ತು.

ಕೈ ಬೀಸಿ ಹೊಡೆದೆ. ಬಟ್ಟಲು ಹಾರಿ ಹುಲ್ಲಿನ ಮೇಲೆ ಬಿತ್ತು. ಒಳಗಿದ್ದದ್ದು ಸಣ್ಣ ಸಣ್ಣ ಮಣಿಗಳಾಗಿ ಚದುರಿ ಓಡಿ, ಮೊಣಕಾಲೆತ್ತರ ಹೊಗೆಯಾಗಿ, ಇಲ್ಲವಾಯಿತು. ಏಪ್ರನ್ ಹುಡುಗಿ ಕಿರುಚಿದಳು. ಸುತ್ತಲಿನವರು ತಿರುಗಿ ನೋಡಿದರು. ಅತ್ತೆಯ ಕೈಗಳು ಬಟ್ಟಲು ಹಿಡಿದ ಹಾಗೆಯೇ ಗಾಳಿಯಲ್ಲಿ ನಿಂತಿದ್ದವು. ಹನ್ನೆರಡು ವರ್ಷದವಳಿದ್ದಾಗಿನಿಂದ ನನಗೆ ಉಣಿಸಿದ ಕೈಗಳು ಅವು.

"ನೀರ ಚೆಲ್ಲಿದಿ," ಎಂದಳು.

"ಅದು ನೀರಲ್ಲ ಅತ್ತಿ. ಹೊಟ್ಟ್ಯಾಗ ಹೋಗಿದ್ರ ಜೀವಾನ ಹೋಗ್ತಿತ್ತು."

"ಹೌದಾ? ಹಂಗಾರ ಎಲ್ಲೈತದು?"

ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಬಗ್ಗಿ ಹುಲ್ಲು ಕಿತ್ತೆ, ಕಟ್ಟನೆ ಮುರಿಯಿತು. ಅದನ್ನು ತೋರಿಸಲೆಂದು ಎದ್ದು ಅಂಗೈ ಚಾಚುವಷ್ಟರಲ್ಲಿ ಮೆತ್ತಗಾಗಿ, ಬರೇ ಹುಲ್ಲಾಗಿತ್ತು. ಅತ್ತೆ ನನ್ನ ಅಂಗೈ ನೋಡಿದಳು, ಆಮೇಲೆ ಸಾಹೇಬರ ಹೆಂಡತಿಯನ್ನು ನೋಡಿದಳು. ಬಾಟಲಿಯ ಮುಚ್ಚಳ ತಿರುಗಿಸಿ, "ನಡಿ, ಹೋಗೂಣು" ಎಂದಳು.

ಹುಕ್ಕೇರಿಯ ಬಸ್ಸಿನಲ್ಲಿ ಕಂಡಕ್ಟರ್ ಬಂದು, "ಇಬ್ಬರೂ ಕೂಡೇ ಏನ್ರಿ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇಲ್ಲೋ ತಮ್ಮಾ. ನಾ ಊರ ಕಡಿಯಾಕಿ," ಎಂದು ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ಟಿಗೆ ತನ್ನ ಆಧಾರ್ ಕಾರ್ಡನ್ನು ಬೇರೆಯಾಗಿ ಚಾಚಿದಳು.

ಆಮೇಲಿನ ಆಯಿತವಾರಗಳಲ್ಲಿ ಎಂದಿನಂತೆ ಹುಕ್ಕೇರಿಗೆ ಹೋದೆ. ಅತ್ತೆ ಮಾತಾಡಿಸಿದಳು, ಬಿಸಿ ರೊಟ್ಟಿ ಬಡಿದಳು, ಬೆಣ್ಣೆ ಹಚ್ಚಿದಳು. ಒಂದೇ ತಾಟು ಹಾಕಿದಳು. "ನಂದು ಆತು. ನೀ ಕೂಡು." ಮೊದಲ ವಾರ ನಂಬಿದೆ. ಎರಡನೆಯ ವಾರ ಹೊರಡುವಾಗ ಮಾವ ಅಂಗಡಿಯಿಂದ ತಗ್ಗಿದ ದನಿಯಲ್ಲಿ, "ಆಕಿ ಇನ್ನೂ ಉಂಡಿಲ್ಲವಾ. ನೀ ಹೋದ ಮ್ಯಾಲೆ ಉಣ್ತಾಳ," ಎಂದ. ನನ್ನ ಕಣ್ಣೆದುರು ಉಣ್ಣುವುದನ್ನು ಅತ್ತೆ ಬಿಟ್ಟಿದ್ದಳು.

ಹದಿಮೂರು ವಾರ ಒಂಟಿ ತಾಟಿನ ಮುಂದೆ ಕೂತಿದ್ದೇನೆ. ಮೊಣಕಾಲು ತಾಗದ ಆ ಬದಿ ತಣ್ಣಗಿರುತ್ತಿತ್ತು. ಅವಳು ಬಡಿಸಿದ ರೊಟ್ಟಿಯ ನಡುಭಾಗ, ಅಂಚು ಎರಡೂ ನನಗೇ. ಫೋನಿನಲ್ಲಿ ವಿಡಿಯೋ ಹುಡುಕಿ, ಆ ದ್ರವದಲ್ಲಿ ಅದ್ದಿದ ಹೂವು, ಹಣ್ಣು ಒಡೆಯುವುದನ್ನು ತೋರಿಸಿದೆ. "ಫೋನಿನ್ಯಾಗ ಏನ್ ಬೇಕಾದ್ದು ತೋರಸ್ತಾರ," ಎಂದಳು. ಅಪಾಯದ ಬಗ್ಗೆ ಎಷ್ಟು ಹೇಳಿದರೂ ನನ್ನ ಮಾತಿನಲ್ಲಿ ಏನೋ ಟೊಳ್ಳು ಕೇಳುತ್ತಿತ್ತು. ಅವಳಿಗಿಂತ ಮೊದಲು ನನಗೇ ಕೇಳುತ್ತಿತ್ತು. ನಾನು ನಾಚಿಕೆಗೆ ಬಟ್ಟಲು ಹೊಡೆದೆ ಎಂದು ಅವಳ ತಿಳಿವಳಿಕೆ. ಹೊಡೆದದ್ದು ನಾಚಿಕೆಗಲ್ಲ. ಆದರೆ ನಾಚಿಕೆಯೇನು ಸುಳ್ಳಾಗಿರಲಿಲ್ಲ. ಅಡ್ಡ ನಿಂತಿರದಿದ್ದರೆ ಬಟ್ಟಲು ಮೇಜಿನಿಂದ ಏಳುವ ಮೊದಲೇ ಹಿಡಿಯುತ್ತಿದ್ದೆ.

ಮೊನ್ನೆ ಆಯಿತವಾರ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ಅತ್ತಿ, ಅವತ್ತ ನೀ ವಾಟಗ ತೊಳದು ಕುಡಿಯೂದು ನಮ್ಮ ಸಾಹೇಬ್ರಿಗೆ ಕಾಣಬಾರದಂತ ಅಡ್ಡ ನಿಂತಿದ್ನಿ."

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ಗೊತ್ತೈತಿ."

"ಊರ ಕಡಿಯಾವ್ರು ಅಂದ್ನಿ."

"ಕೇಳ್ಸಿತು. ಹೊಗಿ ಕಣ್ಣಿಗಿತ್ತು, ಕಿವಿಗಿರಲಿಲ್ಲ."

"ಆದ್ರ ಹೊಡದದ್ದು ಅದಕ್ಕಲ್ಲ."

ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿದಳು. ಅದು ಉಬ್ಬಿತು. ಆಮೇಲೆ ನನ್ನ ಮುಖ ನೋಡಿ, "ಕುಡದಿದ್ರ ಏನಾಕ್ಕಿತ್ತು?" ಎಂದಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳಾಗಿ ಕೇಳಿದ್ದಳು. ಹೇಳಿದೆ. ಅವಳು ಹಿಟ್ಟಿನ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡಳು. ಸೀರೆಯ ಮೇಲೆ ಐದು ಬೆರಳಿನ ಬಿಳಿ ಗುರುತು ಮೂಡಿತು.

"ಆ ಗಡ್ಡದಾಂವ ಒಂದಿನಾನೂ ಹೇಳಲಿಲ್ಲ ನೋಡು, ಭಾಡ್ಯಾ."

ಮತ್ತೆ ಒಂದೇ ತಾಟು ಹಾಕಿದಳು. "ನಂದು ಆತು. ಇವತ್ತ ಖರೇನ ಆತು, ಬೇಕಾರ ನಿಮ್ಮ ಮಾವನ್ನ ಕೇಳು." ಕೇಳಲಿಲ್ಲ. ನಾನು ಉಣ್ಣುವಾಗ ಎಂದಿನಂತೆ ಹಿತ್ತಲಿಗೆ ಹೋಗದೆ ಎದುರಿಗೆ ಕೂತಳು. ಅರ್ಧ ಊಟವಾದಾಗ ಕೇಳಿದಳು:

"ಆ ಬಾಯಿಗೆ ಆಮ್ಯಾಲೆ ಏನಂತ ಹೇಳಿದಿ?"

"ಯಾವ ಬಾಯಿಗೆ?"

"ನಿಮ್ಮ ಸಾಹೇಬನ ಹೆಂಡ್ತಿಗೆ. ನಾ ಯಾರಂತ ಹೇಳಿದಿ?"

"ಹೇಳಿಲ್ಲತ್ತಿ."

"ಹೇಳು. ಹೇಳಿ ಬಾ. ಆಮ್ಯಾಲೆ ಕೂಡಿ ಉಣ್ಣೂಣಂತ."

ಸೋಮವಾರ ಬೆಳಿಗ್ಗೆ ಸಾಹೇಬರು ಲ್ಯಾಬಿಗೆ ಬಂದೊಡನೆ ಎದ್ದು ನಿಂತು ಹೇಳಿದೆ. ಉತ್ಸವದಲ್ಲಿ ನನ್ನ ಜೊತೆ ಇದ್ದವರು ನಮ್ಮತ್ತೆ, ನನ್ನನ್ನು ಸಾಕಿ ಓದಿಸಿದವರು, ಅಂದು ಹಾಗೆ ಹೇಳಿದ್ದು ನನ್ನ ತಪ್ಪು, ಇದನ್ನು ಮನೆಯಲ್ಲಿ ಮೇಡಂ ಅವರಿಗೂ ತಿಳಿಸಬೇಕು ಎಂದೆ. ಸಾಹೇಬರು ಕನ್ನಡಕ ತೆಗೆದು, "ಯಾರ್ರಿ? ಯಾವಾಗ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಮೊದಲಿನಿಂದ ಮತ್ತೆ ಹೇಳಿದೆ. "ಆತ್ರಿ, ಹೇಳ್ತೇನಿ," ಎಂದು ಬೆಳಗಿನ ರಸದ ರೀಡಿಂಗ್ ಕೇಳಿದರು. ಕೊಟ್ಟೆ.

ಇವತ್ತು ಮಂಗಳವಾರ. ಆಯಿತವಾರಕ್ಕೆ ಇನ್ನೂ ಐದು ದಿನವಿದೆ.