ನಾಲ್ಕು ನೀರಿನ ಕಲೆ

ನಮ್ಮತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಲಾಂಡ್ರಿಯಲ್ಲಿ ಕಲೆ ನೋಡುವವರು. ಹೋಟೆಲು, ಹಾಸ್ಟೆಲುಗಳಿಂದ ಬರುವ ಹಾಸಿಗೆ ಬಟ್ಟೆಗಳನ್ನು ಮೇಜಿನ ಮೇಲೆ ಹರಡಿ, ಕಲೆ ಕಂಡಲ್ಲಿ ಚೀಟಿ ಸಿಕ್ಕಿಸುತ್ತಾರೆ: ಒಂದು ನೀರು, ಎರಡು ನೀರು, ಮೂರು ನೀರು. ಅಷ್ಟು ಸಲ ನೆನೆಸಿ ಹಿಂಡಿದರೆ ಕಲೆ ಹೋಗುತ್ತದೆ ಎಂದರ್ಥ. ಮೂರರ ಮೇಲೆ ಚೀಟಿಯಿಲ್ಲ; ಅಂಥದ್ದನ್ನು ಒರೆಸುಬಟ್ಟೆಗೆ ಹರಿದುಹಾಕುತ್ತೇವೆ. ಇಪ್ಪತ್ತು ವರ್ಷದಲ್ಲಿ ಅವರ ಚೀಟಿ ತಪ್ಪಿದ್ದನ್ನು ಕಂಡಿಲ್ಲ. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವ ನನಗೆ ಈ ವಿಷಯದಲ್ಲಿ ಕೊಂಚ ಹೊಟ್ಟೆಕಿಚ್ಚೂ ಇದೆ.

ಇಂಥ ಕಣ್ಣಿನವರು ತಮ್ಮ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡು ಕೂತರು. ಒಂದು ವರ್ಷದಿಂದ ಅವರ ಮುಟ್ಟು ಹತ್ತು ಹನ್ನೆರಡು ದಿನ ಹೋಗುತ್ತಿತ್ತು. ನಿಂತ ಮೇಲೂ ನಡುನಡುವೆ ಕಾಣಿಸಿಕೊಳ್ಳುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ತಣ್ಣೀರು, ಉಪ್ಪು ಹಾಕಿ, ನಾವು ಏಳುವಷ್ಟರಲ್ಲಿ ಎಲ್ಲವನ್ನೂ ಒಗೆದು ಒಣಹಾಕಿಬಿಡುತ್ತಿದ್ದರು. ಹಗ್ಗದ ಮೇಲೆ ದಿನಾ ಹಾಸಿಗೆ ಬಟ್ಟೆ ಯಾಕೆ ತೂಗಾಡುತ್ತದೆ ಎಂದು ನಮ್ಮಣ್ಣ ಒಂದು ದಿನವೂ ಕೇಳಲಿಲ್ಲ, ಪುಣ್ಯಾತ್ಮ. ನಾನೂ ಕೇಳಲಿಲ್ಲ ಎನ್ನುವುದು ಬೇರೆ ಮಾತು.

ಒಂದು ಮಧ್ಯಾಹ್ನ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಲಾಂಡ್ರಿಯ ಮಹಡಿ ಹತ್ತುತ್ತಿದ್ದವರು ಅರ್ಧ ಮೆಟ್ಟಿಲಲ್ಲೇ ಕುಸಿದು ಕೂತರು. ತುಟಿ ಬಿಳಚಿಕೊಂಡಿತ್ತು. ಬಿಡದೆ ಕೇಳಿದ್ದಕ್ಕೆ ಎಲ್ಲ ಹೊರಬಿತ್ತು.

"ನಲವತ್ತೈದಾಯ್ತಲ್ಲ, ನಿಲ್ಲೋ ವಯಸ್ಸು. ಎಲ್ಲರಿಗೂ ಹೀಗೇ," ಎಂದರು.

"ನಿಲ್ಲೋ ವಯಸ್ಸು ಅಂತ ಹೀಗೆ ಸುರಿಯುತ್ತಾ? ನಡೀರಿ ಆಸ್ಪತ್ರೆಗೆ."

"ಬೇಡ ಕಣೇ. ನಮ್ಮಕ್ಕ ಹೀಗೇ ಆಸ್ಪತ್ರೆಗೆ ಹೋದ್ಲು, ಏನು ಎತ್ತ ಅಂತಾನೂ ಹೇಳ್ದೆ ಗರ್ಭಕೋಶಾನೇ ತೆಗೆದುಬಿಟ್ರು. ನಂಗೆ ಅದು ಬೇಡ."

ಅವರ ಭಯ ಅದೊಂದೇ. ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಅಳುವೂ ಬಂತು. ಮರುದಿನ ಎಳೆದುಕೊಂಡೇ ಹೋದೆ.

"ಎಷ್ಟು ಹೋಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು.

"ಸ್ವಲ್ಪ ಜಾಸ್ತಿ, ಅಷ್ಟೇ," ಎಂದರು ಅತ್ತಿಗೆ, ನೆಲ ನೋಡುತ್ತಾ. ಡಾಕ್ಟರಮ್ಮ ಅದನ್ನೇ ಬರೆದುಕೊಳ್ಳತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಅದೇ ಬಟ್ಟೆ ನಿಮ್ಮ ಮೇಜಿಗೆ ಬಂದಿದ್ರೆ ಎಷ್ಟು ನೀರು ಅಂತ ಬರೀತಿದ್ರಿ?"

ಕೆಲಸದ ವಿಷಯದಲ್ಲಿ ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ.

"ನಾಲ್ಕು," ಎಂದರು.

ನಾಲ್ಕು ಅಂದರೆ ಏನೆಂದು ನಾನು ಬಿಡಿಸಿ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮೊದಲಿನಿಂದ ಶುರುಮಾಡಿದರು. ಕೆಲವು ದಿನ ಗಂಟೆಗೊಂದು ಪ್ಯಾಡು ಬದಲಾಯಿಸಬೇಕಿತ್ತಂತೆ, ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತಂತೆ. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿನಲ್ಲಿ ಗರ್ಭಕೋಶದೊಳಗೆ ಬೆರಳ ತುದಿಯಷ್ಟು ಮಾಂಸ ಬೆಳೆದದ್ದು ಕಂಡಿತು.

"ಇದಕ್ಕೆ ಪಾಲಿಪ್ ಅಂತಾರಮ್ಮ. ಕೆಳಗಿಂದಲೇ ಸಣ್ಣ ಕ್ಯಾಮೆರಾ ಹಾಕಿ ಅದನ್ನಷ್ಟೇ ತೆಗೀತೀವಿ, ಹೊಟ್ಟೆ ಕೊಯ್ಯಲ್ಲ. ತೆಗೆದದ್ದನ್ನ ಪರೀಕ್ಷೆಗೆ ಕಳಿಸ್ತೀವಿ. ಗರ್ಭಕೋಶದ ಮಾತು ರಿಪೋರ್ಟ್ ನೋಡಿ ಆಡೋಣ. ನಿಮ್ಮನ್ನ ಕೇಳದೆ ಏನೂ ಮಾಡಲ್ಲ."

ರಕ್ತ ಹೋಗುವುದು ಕಡಿಮೆಯಾಗಲು ಮಾತ್ರೆ, ಕೈಗೆ ಕಬ್ಬಿಣಾಂಶದ ಡ್ರಿಪ್ ಕೊಟ್ಟರು. ಮುಖಕ್ಕೆ ಬಣ್ಣ ಬಂದ ಮೇಲೆ ಪಾಲಿಪ್ ತೆಗೆದು ಅದೇ ಸಂಜೆ ಮನೆಗೆ ಕಳಿಸಿದರು. ರಿಪೋರ್ಟಿಗೆ ಹತ್ತು ದಿನ ಕಾದೆವು. ಆ ಹತ್ತು ದಿನ ಅತ್ತಿಗೆಗೆ ಊಟ ಸೇರಲಿಲ್ಲ. ನಮ್ಮಣ್ಣ ತಾನೇ ಬಟ್ಟೆ ಒಗೆದು, ಒಂದನ್ನೂ ನೆಟ್ಟಗೆ ಹಿಂಡಲಿಲ್ಲ.

ಡಾಕ್ಟರಮ್ಮ ಕಾಗದ ಓದಿ ತಲೆಯೆತ್ತಿದರು. "ಕ್ಯಾನ್ಸರ್ ಏನಿಲ್ಲ. ಗರ್ಭಕೋಶ ತೆಗೆಯೋ ಪ್ರಶ್ನೆಯೇ ಇಲ್ಲ. ಮತ್ತೆ ಜಾಸ್ತಿಯಾದ್ರೆ ಮಾತ್ರ ವರ್ಷಗಟ್ಟಲೆ ಕಾಯ್ಬೇಡಿ, ಬಂದುಬಿಡಿ."

ಅತ್ತಿಗೆ ಅಲ್ಲೇ ಅತ್ತರು. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣನಿಗೆ ಫೋನು ಮಾಡಿದರು. ಇಂಜಿನ್ನಿನ ಸದ್ದಿಗೆ ಆ ಕಡೆ ಏನೂ ಕೇಳಿಸುತ್ತಿರಲಿಲ್ಲ.

"ರೀ, ಗರ್ಭಕೋಶ ತೆಗೆಯಲ್ವಂತೆ. ಗರ್ಭಕೋಶ ರೀ, ಗರ್ಭಕೋಶ. ಬರೀ ಪಾಲಿಪ್ ಇತ್ತಂತೆ, ರಕ್ತ ಹೋಗ್ತಿದ್ದದ್ದು ಅದಕ್ಕೇನೇ."

ಇಡೀ ಬಸ್ಸು ತಿರುಗಿ ನೋಡಿತು. ನಾನು ನಾಚಿ ಕಿಟಕಿಯತ್ತ ತಿರುಗಿದೆ. ಆಗ ಮುಂದಿನ ಸೀಟಿನ ಹೆಂಗಸೊಬ್ಬಳು ಮಡಿಲ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ನಮ್ಮ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಅಕ್ಕಾ, ಆ ಡಾಕ್ಟರು ಯಾವ ಆಸ್ಪತ್ರೇಲಿ ಸಿಗ್ತಾರೆ?"